ಬಂದರೆ, ಬಂದರೂ, ಬಂದರೆ ಮಾತ್ರ: ಡಿಸ್ಕ್ರೀಟ್ ಗಣಿತದ ಕೆಲವು ಅನುಮಾನಗಳು

ಪ್ರಶ್ನೆ: ನಾನು ಹಾಸನದಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದೇನೆ, ಊರು ಬೇಲೂರಿನ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಕಾಮರ್ಸ್. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಟ್ರೂತ್ ಟೇಬಲ್ ಬಾಯಿಪಾಠ ಬರುತ್ತದೆ, ಅರ್ಥ ಆಗುವುದಿಲ್ಲ. ಪಿ ಸುಳ್ಳಾಗಿದ್ದರೆ ‘ಪಿ → ಕ್ಯೂ’ (ಪಿ ಆದರೆ ಕ್ಯೂ) ಯಾವಾಗಲೂ ನಿಜ ಅನ್ನುತ್ತಾರೆ, ಅದು ಹೇಗೆ? ಇಂಡಕ್ಷನ್‌ನಲ್ಲಿ ಸಾಧಿಸಬೇಕಾದ್ದನ್ನೇ ‘ಕೆಗೆ ನಿಜ ಎಂದುಕೊಳ್ಳಿ’ ಅಂತ ಒಪ್ಪಿಕೊಂಡುಬಿಟ್ಟರೆ ಮೋಸವಲ್ಲವೇ? ಪರ್ಮುಟೇಶನ್, ಕಾಂಬಿನೇಶನ್ ಲೆಕ್ಕದಲ್ಲಿ ನನ್ನ ಉತ್ತರ ಯಾವಾಗಲೂ ಹೆಚ್ಚಿಗೆ ಬರುತ್ತದೆ. ಗ್ರಾಫ್ ಥಿಯರಿಯಲ್ಲಿ ಚುಕ್ಕಿ, ಗೆರೆ ಎಳೆಯುವುದೇ ಕಾಣುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಇದೆಲ್ಲ ಯಾಕೆ ಬೇಕು?

ಉತ್ತರ: ಕಾಮರ್ಸ್ ಓದಿದ್ದೇನೆಂಬ ಅಳುಕನ್ನು ಮೊದಲು ಬದಿಗಿಡಿ. ಸೈನ್ಸ್ ಓದಿದವರ ಕ್ಯಾಲ್ಕುಲಸ್, ಟ್ರಿಗ್ನಾಮೆಟ್ರಿ ಈ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೂಡು, ಗುಣಿಸು, 2ರ ಘಾತಗಳು ಗೊತ್ತಿದ್ದರೆ ಶುರುಮಾಡಬಹುದು. ಇಲ್ಲಿ ಅಂಕ ಹೋಗುವುದು ಲೆಕ್ಕ ತಪ್ಪಿ ಅಲ್ಲ, ವಾಕ್ಯವನ್ನು ತಪ್ಪಾಗಿ ಓದಿ. ‘ಆದರೆ’, ‘ಆದರೆ ಮಾತ್ರ’, ‘ಎಲ್ಲ’, ‘ಕನಿಷ್ಠ ಒಂದು’, ‘ಬೇರೆ ಬೇರೆ’ ಇಂಥ ಚಿಕ್ಕ ಮಾತುಗಳೇ ಇಲ್ಲಿ ಭಾರ ಹೊರುವುದು. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಮೊದಲು ನೀವು ಮನೆಯಲ್ಲಿ ಆಡುವ ಕನ್ನಡದಲ್ಲಿ ಒಂದು ಸಲ ಬರೆದುಕೊಳ್ಳಿ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯುವುದು ಆಮೇಲಿನ ಮಾತು.

ನೀವು ದಿನಾ ಓಡಾಡುವ ದಾರಿಯನ್ನೇ ತೆಗೆದುಕೊಳ್ಳೋಣ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳುತ್ತಾರೆ: ‘ಬಸ್ಸು ಬೇಲೂರಿನದಾದರೆ ಹಗರೆಯಲ್ಲಿ ನಿಲ್ಲುತ್ತದೆ.’ ಈ ಮಾತು ಸುಳ್ಳು ಎಂದು ತೋರಿಸಬೇಕಾದರೆ ನಿಮಗೆ ಏನು ಬೇಕು? ಬೇಲೂರಿಗೆ ಹೋಗುವ, ಆದರೆ ಹಗರೆಯಲ್ಲಿ ನಿಲ್ಲದೆ ಹೋದ ಒಂದು ಬಸ್ಸು. ಅಂಥದ್ದು ಒಂದು ಸಿಕ್ಕರೆ ಸಾಕು, ಮಾತು ಬಿದ್ದುಹೋಯಿತು. ಈಗ ಅರಸೀಕೆರೆ ಬಸ್ಸೊಂದನ್ನು ತಂದು ನಿಲ್ಲಿಸಿ ‘ನೋಡಿ, ಇದು ಹಗರೆಯಲ್ಲಿ ನಿಲ್ಲಲಿಲ್ಲ’ ಎಂದರೆ ಹೇಳಿದವರು ನಗುತ್ತಾರೆ. ಅವರು ಅರಸೀಕೆರೆ ಬಸ್ಸಿನ ಮಾತನ್ನೇ ಆಡಿರಲಿಲ್ಲ. ಆ ಬಸ್ಸು ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ, ಹೇಳಿದ ಮಾತಿಗೆ ಧಕ್ಕೆಯಿಲ್ಲ. ಟೇಬಲ್ಲಿನಲ್ಲಿ ಪಿ ಸುಳ್ಳಾದ ಎರಡು ಸಾಲುಗಳಲ್ಲಿ ‘ನಿಜ’ ಎಂದು ಬರೆಯುವುದಕ್ಕೆ ಕಾರಣ ಇಷ್ಟೇ. ಮಾತು ಮುರಿಯದಿದ್ದರೆ ಅದನ್ನು ನಿಜದ ಕಡೆಗೆ ಹಾಕುತ್ತೇವೆ. ಮೂರನೆಯ ಬೆಲೆ ಎಂಬುದು ಈ ತರ್ಕದಲ್ಲಿ ಇಲ್ಲ, ಹಾಗಾಗಿ ‘ಗೊತ್ತಿಲ್ಲ’ ಎಂದು ಬರೆಯುವಂತಿಲ್ಲ.

ಇದೇ ಬಸ್ಸಿನಿಂದ ಇನ್ನೆರಡು ತಿಳಿಯಿರಿ. ಬಸ್ಸು ಹಗರೆಯಲ್ಲಿ ನಿಂತಿತು, ಆದ್ದರಿಂದ ಅದು ಬೇಲೂರಿನದು ಎನ್ನಬಹುದೇ? ಇಲ್ಲ, ಹಳೇಬೀಡಿಗೆ ಹೋಗುವ ಬಸ್ಸೂ ಅಲ್ಲೇ ನಿಲ್ಲುತ್ತದೆ. ಇದು ಕಾನ್ವರ್ಸ್, ಮೂಲ ಮಾತಿನಿಂದ ಹುಟ್ಟುವುದಿಲ್ಲ. ಹಗರೆಯಲ್ಲಿ ನಿಲ್ಲಲಿಲ್ಲ, ಆದ್ದರಿಂದ ಬೇಲೂರಿನದಲ್ಲ ಎನ್ನಬಹುದೇ? ಧಾರಾಳವಾಗಿ. ಇದು ಕಾಂಟ್ರಾಪಾಸಿಟಿವ್, ಮೂಲ ಮಾತಿನ ಇನ್ನೊಂದು ಮುಖ. ಸಾಧನೆಯ ಪ್ರಶ್ನೆಗಳಲ್ಲಿ ನೇರ ದಾರಿ ಸಿಗದಾಗ ಈ ಮುಖದಿಂದ ಹೊಕ್ಕರೆ ಎಷ್ಟೋ ಸಲ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ‘ಸಂಖ್ಯೆಯ ವರ್ಗ ಸಮವಾದರೆ ಸಂಖ್ಯೆಯೂ ಸಮ’ ಎಂಬುದನ್ನು ‘ಸಂಖ್ಯೆ ಬೆಸವಾದರೆ ವರ್ಗವೂ ಬೆಸ’ ಎಂದು ತಿರುಗಿಸಿ ನೋಡಿ.

ಪ್ರೋಗ್ರಾಮಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದಿರಿ. ಪೈಥಾನ್‌ನಲ್ಲಿ ಖಾಲಿ ಪಟ್ಟಿಯೊಂದನ್ನು ‘ಎಲ್ಲವೂ ನಿಜವೇ’ ಎಂದು ನೋಡುವ ‘ಆಲ್’ ಎಂಬ ಫಂಕ್ಷನ್ನಿಗೆ ಕೊಡಿ, ಟ್ರೂ ಎನ್ನುತ್ತದೆ. ಅದೇ ಪಟ್ಟಿಯನ್ನು ‘ಒಂದಾದರೂ ನಿಜವೇ’ ಎಂದು ನೋಡುವ ‘ಎನಿ’ಗೆ ಕೊಡಿ, ಫಾಲ್ಸ್ ಎನ್ನುತ್ತದೆ. ಪಟ್ಟಿಯಲ್ಲಿ ಯಾರೂ ಇಲ್ಲದಿದ್ದರೆ ‘ಎಲ್ಲರೂ ಪಾಸು’ ಎಂಬ ಮಾತನ್ನು ಮುರಿಯಲು ಫೇಲಾದವನೊಬ್ಬನನ್ನು ತರಲಾಗುವುದಿಲ್ಲ; ಅರಸೀಕೆರೆ ಬಸ್ಸಿನ ನ್ಯಾಯವೇ ಇದು. ಇದು ಗೊತ್ತಿಲ್ಲದೆ ಬರೆದ ಪ್ರೋಗ್ರಾಂ, ಅಂಕಪಟ್ಟಿಯ ಫೈಲ್ ತೆರೆದುಕೊಳ್ಳದೆ ಪಟ್ಟಿ ಖಾಲಿ ಉಳಿದಾಗ, ‘ತರಗತಿಯಲ್ಲಿ ಎಲ್ಲರೂ ಉತ್ತೀರ್ಣ’ ಎಂದು ಸದ್ದಿಲ್ಲದೆ ವರದಿ ಕೊಡುತ್ತದೆ. ಎರರ್ ಬರುವುದಿಲ್ಲ, ಅದೇ ತೊಂದರೆ. ಪಟ್ಟಿ ಖಾಲಿಯೇ ಎಂದು ಮೊದಲು ನೋಡಿ, ಆಮೇಲೆ ‘ಎಲ್ಲ’ ಎಂದು ಕೇಳಬೇಕು.

ಕನ್ನಡದಲ್ಲಿ ಮೂರು ರೂಪಗಳನ್ನು ಬೇರೆ ಬೇರೆಯಾಗಿ ಗುರುತಿಟ್ಟುಕೊಳ್ಳಿ. ‘ಪಾಸ್ ಇದ್ದರೆ ಒಳಗೆ ಬಿಡುತ್ತಾರೆ’: ಬಾಣ ಪಾಸಿನಿಂದ ಪ್ರವೇಶದ ಕಡೆಗೆ. ‘ಪಾಸ್ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ’: ಬಾಣ ತಿರುಗಿತು, ಒಳಗೆ ಇದ್ದಾನೆಂದರೆ ಪಾಸ್ ಇದೆ. ಪಾಸ್ ಇದ್ದವರನ್ನೆಲ್ಲ ಬಿಟ್ಟೇಬಿಡುತ್ತಾರೆಂದು ಈ ಎರಡನೆಯ ಮಾತು ಹೇಳುವುದಿಲ್ಲ. ಒಳಗೆ ಜಾಗ ತುಂಬಿದ್ದರೆ ಪಾಸ್ ಇದ್ದವರೂ ಹೊರಗೇ. ‘ಪಾಸ್ ಇದ್ದರೂ ಬಿಡುವುದಿಲ್ಲ’: ಇಲ್ಲಿ ಬಾಣವೇ ಇಲ್ಲ, ಪಾಸ್ ಏನೇ ಇರಲಿ ಬಿಡುವುದಿಲ್ಲ ಎಂದಷ್ಟೇ. ಇಂಗ್ಲಿಷ್ ಪುಸ್ತಕದ ‘ಓನ್ಲಿ ಇಫ್’ ಕಂಡಾಗ ಬಾಣ ಎತ್ತ ಹಾಕಬೇಕೆಂದು ತಡವರಿಸುವವರು ಅದನ್ನು ‘ಇದ್ದರೆ ಮಾತ್ರ’ ಎಂದು ಓದಿಕೊಂಡರೆ ತಪ್ಪುವುದು ಕಷ್ಟ.

ನಮ್ಮ ಮಾತು ಕೈಕೊಡುವ ಜಾಗವೂ ಇದೆ. ‘ಎಲ್ಲರೂ ಬಂದಿಲ್ಲ’ ಎಂದರೆ ಯಾರೂ ಬಂದಿಲ್ಲವೋ, ಕೆಲವರು ಬಂದಿಲ್ಲವೋ? ಎರಡೂ ಅರ್ಥದಲ್ಲಿ ಆಡುತ್ತೇವೆ, ಸಂದರ್ಭ ನೋಡಿ ತಿಳಿಯುತ್ತೇವೆ. ತರ್ಕದಲ್ಲಿ ಹಾಗಾಗದು. ‘ಎಲ್ಲರೂ ಬಂದಿದ್ದಾರೆ’ ಎಂಬುದರ ನಿಷೇಧ ‘ಬಾರದವರು ಕನಿಷ್ಠ ಒಬ್ಬರಾದರೂ ಇದ್ದಾರೆ’. ಹಾಗೆಯೇ ‘ಪ್ರತಿ ಹಳ್ಳಿಗೂ ಒಂದು ಬಸ್ಸಿದೆ’ ಎಂದಾಗ ಹಳ್ಳಿಗೊಂದು ಬಸ್ಸೋ, ಎಲ್ಲ ಹಳ್ಳಿಗೂ ಸುತ್ತುವ ಒಂದೇ ಬಸ್ಸೋ? ಮೊದಲನೆಯದರಲ್ಲಿ ∀ (‘ಪ್ರತಿಯೊಂದಕ್ಕೂ’) ಮೊದಲು, ∃ (‘ಒಂದಾದರೂ ಇದೆ’) ಆಮೇಲೆ. ಎರಡನೆಯದರಲ್ಲಿ ಅದಲು ಬದಲು. ಎರಡನೆಯದು ನಿಜವಾದರೆ ಮೊದಲನೆಯದೂ ನಿಜ, ತಿರುಗಿಸಿದರೆ ಅಲ್ಲ. ಡೇಟಾಬೇಸ್ ಪಾಠಕ್ಕೆ ಬಂದಾಗ ‘ಎಲ್ಲ ವಿಷಯದಲ್ಲೂ ಪಾಸಾದ ವಿದ್ಯಾರ್ಥಿಗಳನ್ನು ಹುಡುಕು’ ಎಂಬ ಕ್ವೆರಿ ಬರೆಯಲು ಕೂತರೆ ಈ ಕ್ರಮದ ಬೆಲೆ ತಿಳಿಯುತ್ತದೆ.

‘ಮತ್ತು’, ‘ಅಥವಾ’ ಇರುವ ಮಾತನ್ನು ನಿಷೇಧಿಸುವುದು ಹೇಗೆಂದು ಹೇಳುವ ಡಿ ಮಾರ್ಗನ್ ನಿಯಮದ ಬಗ್ಗೆ ಒಂದೇ ಮಾತು. ಪಾಸಾಗಲು ಥಿಯರಿಯಲ್ಲಿ 35 ಅಥವಾ ಹೆಚ್ಚು, ಮತ್ತು ಒಟ್ಟು 40 ಅಥವಾ ಹೆಚ್ಚು ಬೇಕು ಎಂದಿಟ್ಟುಕೊಳ್ಳಿ. ಫೇಲ್ ಎಂದರೆ ಥಿಯರಿ 35ಕ್ಕಿಂತ ಕಡಿಮೆ, ಇಲ್ಲವೇ ಒಟ್ಟು 40ಕ್ಕಿಂತ ಕಡಿಮೆ. ‘ಮತ್ತು’ ಹೋಗಿ ‘ಇಲ್ಲವೇ’ ಬರಬೇಕು, ಕೋಡಿನ >= ಚಿಹ್ನೆಯಲ್ಲಿರುವ ‘ಅಥವಾ ಸಮ’ ಬಿದ್ದು ಬರೀ < ಉಳಿಯಬೇಕು. ಲ್ಯಾಬಿನಲ್ಲಿ ‘ಮತ್ತು’ವನ್ನು ಹಾಗೇ ಬಿಟ್ಟವರ ಪ್ರೋಗ್ರಾಂ ಥಿಯರಿಯಲ್ಲಿ ಮಾತ್ರ ಫೇಲಾದವನನ್ನು ಪಾಸು ಮಾಡಿಸುತ್ತದೆ, ಕೊನೆಯದನ್ನು ಮರೆತವರದು ಸರಿಯಾಗಿ 35 ತೆಗೆದವನನ್ನು ಫೇಲು ಮಾಡುತ್ತದೆ.

ಇಂಡಕ್ಷನ್ ಮೋಸವೇ ಎಂಬ ನಿಮ್ಮ ಪ್ರಶ್ನೆ ಒಳ್ಳೆಯದು. ‘ಕೆಗೆ ನಿಜ ಎಂದುಕೊಳ್ಳಿ’ ಎಂದಾಗ ನೀವು ಎಲ್ಲ ಸಂಖ್ಯೆಗೂ ನಿಜ ಎಂದು ಒಪ್ಪುತ್ತಿಲ್ಲ. ‘ಕೆಗೆ ನಿಜವಾದರೆ ಕೆ + 1ಕ್ಕೂ ನಿಜ’ ಎಂಬ ಬಾಣವೊಂದನ್ನು ಸಾಧಿಸುತ್ತಿದ್ದೀರಿ, ಅಷ್ಟೆ. ಪಿ ಸುಳ್ಳಾದ ಸಾಲುಗಳಲ್ಲಿ ಬಾಣ ತಾನಾಗಿಯೇ ನಿಜ ಎಂದು ಈಗಷ್ಟೇ ನೋಡಿದೆವು, ಆದ್ದರಿಂದ ಪಿ ನಿಜವಾದ ಸಾಲನ್ನು ಮಾತ್ರ ಪರೀಕ್ಷಿಸಿದರೆ ಸಾಕು. ‘ಎಂದುಕೊಳ್ಳಿ’ ಬಂದದ್ದು ಅಲ್ಲಿಂದ.

ಕಂಡಕ್ಟರ ಚಿಲ್ಲರೆಯ ಲೆಕ್ಕದಲ್ಲಿ ಇದನ್ನು ಹತ್ತಿರದಿಂದ ನೋಡೋಣ. ಚೀಲದಲ್ಲಿ 2 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳು ಬೇಕಾದಷ್ಟಿವೆ, ಬೇರೆ ಏನೂ ಇಲ್ಲ. 4 ರೂಪಾಯಿಯಿಂದ ಮೇಲಿನ ಯಾವ ಮೊತ್ತವನ್ನಾದರೂ ಕೊಡಬಹುದು ಎಂದು ಸಾಧಿಸಬೇಕು. ಬುಡದ ಹೆಜ್ಜೆ, ಅಂದರೆ ಮೊದಲ ಬೆಲೆಗೆ ನಿಜವೆಂದು ತೋರಿಸುವುದು: 4 = 2 + 2, ಆಯಿತು. ಮುಂದಿನ ಹೆಜ್ಜೆ: ಕೆ ರೂಪಾಯಿ ಹೇಗೋ ಜೋಡಿಸಿ ಅಂಗೈಯಲ್ಲಿ ಇಟ್ಟುಕೊಂಡಿದ್ದೀರಿ, ಕೆ ಕನಿಷ್ಠ 4. ಅದನ್ನು 1 ರೂಪಾಯಿ ಹೆಚ್ಚಿಸಬೇಕು. ಅಂಗೈಯಲ್ಲಿ 5ರ ನಾಣ್ಯವಿದ್ದರೆ ಒಂದನ್ನು ಚೀಲಕ್ಕೆ ಹಾಕಿ, 2ರ ಮೂರು ನಾಣ್ಯ ತೆಗೆಯಿರಿ: 5 ಹೋಗಿ 6 ಬಂತು. 5ರ ನಾಣ್ಯ ಇಲ್ಲವೇ ಇಲ್ಲ ಎಂದರೆ ಇರುವುದೆಲ್ಲ 2ರವು, ಮೊತ್ತ 4ಕ್ಕೆ ಕಡಿಮೆಯಿಲ್ಲವಾದ್ದರಿಂದ ಕನಿಷ್ಠ ಎರಡು ಇವೆ. ಅವೆರಡನ್ನು ಹಾಕಿ 5ರ ಒಂದು ತೆಗೆಯಿರಿ: 4 ಹೋಗಿ 5 ಬಂತು. ಎರಡೂ ಸಂದರ್ಭದಲ್ಲಿ ಕೆ + 1 ಸಿಕ್ಕಿತು, ಸಾಧನೆ ಮುಗಿಯಿತು.

ಈಗ ಕೈಯಿಂದ ನಡೆಸಿ ನೋಡಿ. 4 ಎಂದರೆ 2, 2. ಅದರಿಂದ 5 ಎಂದರೆ ಒಂದೇ 5. ಅದರಿಂದ 6 ಎಂದರೆ 2, 2, 2. ಅದರಿಂದ 7 ಎಂದರೆ 5, 2. ಅದರಿಂದ 8 ಎಂದರೆ ನಾಲ್ಕು 2. ಹೀಗೇ ಹೋದರೆ 10ಕ್ಕೆ ಬರುವಾಗ ಐದು 2 ಕೈಯಲ್ಲಿರುತ್ತವೆ, ಎರಡು 5 ಅಲ್ಲ. ಸಾಧನೆಯೇ ಒಂದು ವಿಧಾನ ಕೊಟ್ಟಿತು, ಆದರೆ ಕಡಿಮೆ ನಾಣ್ಯದ ವಿಧಾನ ಕೊಡಲಿಲ್ಲ; ‘ಕೊಡಬಹುದು’ ಎಂದಷ್ಟೇ ನಾವು ಕೇಳಿದ್ದೆವು. ಕಡಿಮೆ ನಾಣ್ಯ ಬೇಕಾದರೆ ಅದು ಬೇರೆ ಪ್ರಶ್ನೆ, ಅಲ್ಗಾರಿದಮ್ಸ್ ಪಾಠದಲ್ಲಿ ಬರುತ್ತದೆ.

‘ಕನಿಷ್ಠ 4’ ಎಂಬುದು ಎಲ್ಲಿ ಕೆಲಸಕ್ಕೆ ಬಂತು ಗಮನಿಸಿದಿರಾ? ‘ಕನಿಷ್ಠ ಎರಡು ನಾಣ್ಯ ಇವೆ’ ಎಂಬ ಒಂದೇ ಕಡೆ. 2 ರೂಪಾಯಿಯಿಂದ ಶುರುಮಾಡಿದ್ದರೆ ಅಲ್ಲೇ ಮುಗ್ಗರಿಸುತ್ತಿದ್ದೆವು: ಕೈಯಲ್ಲಿ ಒಂದೇ 2, ಹಾಕಲು ಎರಡನೆಯದಿಲ್ಲ, 3 ರೂಪಾಯಿ ಆಗುವುದೇ ಇಲ್ಲ. ಉತ್ತರ ಪತ್ರಿಕೆಯಲ್ಲಿ ಬುಡದ ಹೆಜ್ಜೆಯನ್ನು ಶಾಸ್ತ್ರಕ್ಕೆ ಬರೆದು, ಹೆಜ್ಜೆಯೊಳಗೆ ಅದನ್ನು ಎಲ್ಲಿ ಬಳಸಿದೆವೆಂದು ಹೇಳದೆ ಹೋಗುವವರೇ ಹೆಚ್ಚು. ಅಂಕ ಸೋರುವುದು ಅಲ್ಲಿ.

ಬುಡವನ್ನೇ ಬಿಟ್ಟರೆ ಎಂಥ ಸುಳ್ಳನ್ನೂ ಸಾಧಿಸಬಹುದು. 1ರಿಂದ ಎನ್‌ವರೆಗಿನ ಮೊತ್ತ ‘ಎನ್ × (ಎನ್ + 1) ÷ 2, ಕೂಡಿಸು 7’ ಎಂದು ಹೇಳಿ ನೋಡಿ. ಎರಡೂ ಕಡೆ ಕೆ + 1 ಕೂಡಿದರೆ ಹೆಜ್ಜೆ ಅಚ್ಚುಕಟ್ಟಾಗಿ ನಡೆಯುತ್ತದೆ, 7 ಹಾಗೇ ಜೊತೆಗೆ ಬರುತ್ತದೆ. 1ನ್ನು ಹಾಕಿದಾಗ ಮಾತ್ರ 1 = 8 ಎಂದು ಬಯಲಾಗುತ್ತದೆ. ಇನ್ನೊಂದು ತುದಿಯ ತಪ್ಪು, ಹತ್ತಾರು ಬೆಲೆ ಹಾಕಿ ಸರಿಹೊಂದಿದರೆ ಸಾಕೆಂದುಕೊಳ್ಳುವುದು. ಎನ್ × ಎನ್ + ಎನ್ + 41 ಎಂಬುದನ್ನು ನೋಡಿ, ಗಣಿತಜ್ಞ ಆಯ್ಲರ್ ಗುರುತಿಸಿದ ಪ್ರಸಿದ್ಧ ರಾಶಿ ಇದು. ಎನ್‌ಗೆ 0ಯಿಂದ 39ರವರೆಗೆ ಯಾವುದನ್ನು ಹಾಕಿದರೂ ಅವಿಭಾಜ್ಯ ಸಂಖ್ಯೆ ಬರುತ್ತದೆ, ನಲವತ್ತು ಸಲ ಸತತವಾಗಿ. 40 ಹಾಕಿದರೆ 1681, ಅದು 41 × 41.

ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಬರೆಯುವಾಗ ಇದೇ ಎರಡು ಭಾಗ ಕೋಡಿನಲ್ಲಿ ಕಾಣುತ್ತವೆ: ನಿಲ್ಲುವ ಸ್ಥಿತಿ ಬುಡ, ತನ್ನನ್ನೇ ಚಿಕ್ಕದಾಗಿಸಿ ಕರೆಯುವುದು ಹೆಜ್ಜೆ. ಬುಡ ಮರೆತರೆ ಪೈಥಾನ್ ಮಾಮೂಲಿ ಸೆಟ್ಟಿಂಗಿನಲ್ಲಿ ಸುಮಾರು 1000 ಕರೆಗಳಾದ ಮೇಲೆ ರಿಕರ್ಶನ್ ಎರರ್ ಕೊಟ್ಟು ನಿಲ್ಲುತ್ತದೆ. ಚಿಲ್ಲರೆಯ ಸಾಧನೆಯನ್ನೇ ಒಂದು ಫಂಕ್ಷನ್ನಾಗಿ ಬರೆದು 3 ರೂಪಾಯಿ ಕೇಳಿ, ಏನಾಗುತ್ತದೆ ಗೊತ್ತಾಗುತ್ತದೆ.

ಎಣಿಕೆಗೆ ಬರೋಣ. ಉತ್ತರ ಹೆಚ್ಚಿಗೆ ಬರುತ್ತದೆ ಎಂದಿರಿ, ರೋಗ ಅಲ್ಲೇ ತಿಳಿಯಿತು: ಒಂದನ್ನೇ ಹಲವು ಸಲ ಎಣಿಸುತ್ತಿದ್ದೀರಿ. ಹಾಸನಾಂಬೆಯ ದರ್ಶನ ತೆರೆಯುವ ದಿನಗಳಲ್ಲಿ ಸಾಲು ನೋಡಿಕೊಳ್ಳಲು 6 ಹುಡುಗರು, 5 ಹುಡುಗಿಯರು ಇರುವ ಸ್ವಯಂಸೇವಕರ ಗುಂಪಿನಿಂದ 4 ಜನರ ತಂಡ ಆರಿಸಬೇಕು, ಕನಿಷ್ಠ ಒಬ್ಬಳು ಹುಡುಗಿ ಇರಲೇಬೇಕು ಎನ್ನಿ. ಹೆಚ್ಚಿನವರು ಹೀಗೆ ಮಾಡುತ್ತಾರೆ: ಮೊದಲು ಒಬ್ಬಳು ಹುಡುಗಿಯನ್ನು ಆರಿಸಿಬಿಡೋಣ, 5 ಬಗೆ, ಉಳಿದ 10 ಜನರಲ್ಲಿ ಯಾರಾದರೂ 3 ಮಂದಿ, 120 ಬಗೆ, ಒಟ್ಟು 600. ಕೇಳಲು ಸರಿಯಾಗಿಯೇ ಇದೆ. ಆದರೆ 11 ಜನರಲ್ಲಿ 4 ಮಂದಿಯನ್ನು ಯಾವ ಷರತ್ತೂ ಇಲ್ಲದೆ ಆರಿಸಿದರೂ 330 ಬಗೆಗಳೇ. ಷರತ್ತು ಹಾಕಿದ ಮೇಲೆ 600 ಆಗುವುದು ಹೇಗೆ?

ಆದದ್ದು ಇಷ್ಟು. ಗೀತಾ, ಸುಮಾ ಮತ್ತು ಇಬ್ಬರು ಹುಡುಗರ ತಂಡವನ್ನು ನೋಡಿ. ‘ಮೊದಲು ಗೀತಾ, ಉಳಿದವರಲ್ಲಿ ಸುಮಾ’ ಎಂದು ಒಂದು ಸಲ, ‘ಮೊದಲು ಸುಮಾ, ಉಳಿದವರಲ್ಲಿ ಗೀತಾ’ ಎಂದು ಇನ್ನೊಂದು ಸಲ ಅದೇ ತಂಡ ಲೆಕ್ಕಕ್ಕೆ ಬಂತು. ಹುಡುಗಿಯರು ಎಷ್ಟಿದ್ದಾರೋ ಅಷ್ಟು ಸಲ ತಂಡ ಎಣಿಕೆಯಾಗಿದೆ. ಬಿಡಿಸಿ ನೋಡಿದರೆ: ಒಬ್ಬಳು ಹುಡುಗಿಯ ತಂಡಗಳು 100, ಇಬ್ಬರವು 150, ಮೂವರವು 60, ನಾಲ್ವರವು 5. ಸರಿಯಾದ ಮೊತ್ತ 315. ತಪ್ಪು ಲೆಕ್ಕದಲ್ಲಿ ಇವೇ 100 × 1, 150 × 2, 60 × 3, 5 × 4 ಆಗಿ ಸೇರಿ 600 ಬಂದಿದೆ. ಸುಲಭದ ದಾರಿ ಹಿಂದಿನಿಂದ: ಎಲ್ಲ 330 ತಂಡಗಳಿಂದ ಹುಡುಗಿಯರೇ ಇಲ್ಲದ 15 ಕಳೆಯಿರಿ. ‘ಕನಿಷ್ಠ ಒಂದು’ ಎಂಬ ಮಾತು ಕಂಡ ಕೂಡಲೇ ‘ಒಂದೂ ಇಲ್ಲ’ ಎಂಬುದನ್ನು ಎಣಿಸಿ ಕಳೆಯುವುದು ಅಭ್ಯಾಸವಾಗಲಿ.

ಅನುಮಾನ ಬಂದಾಗ ಸಂಖ್ಯೆಗಳನ್ನು ಕುಗ್ಗಿಸಿ ಕೈಯಿಂದ ಬರೆಯಿರಿ. ಮೇಲಿನ ಪ್ರಶ್ನೆಯನ್ನೇ ಒಬ್ಬ ಹುಡುಗ, ಇಬ್ಬರು ಹುಡುಗಿಯರು, ಇಬ್ಬರ ತಂಡ ಎಂದು ಮಾಡಿಕೊಂಡರೆ ತಪ್ಪು ವಿಧಾನ 4 ಕೊಡುತ್ತದೆ, ಬೆರಳಲ್ಲಿ ಎಣಿಸಿದರೆ 3. ಪುಸ್ತಕದ ಹಿಂದಿನ ಉತ್ತರ ನೋಡಬೇಕಾಗಿಯೇ ಇಲ್ಲ.

ಸೊನ್ನೆಯ ಕಾಟ ಬೇರೆ ಬಗೆಯದು. ಹಾಸನದ ಗಾಡಿಗಳ ನಂಬರು ಕೆಎ 13, ಚಿಕ್ಕಮಗಳೂರಿನವು ಕೆಎ 18, ಕೊನೆಯಲ್ಲಿ ನಾಲ್ಕು ಅಂಕಿ. ಆ ನಾಲ್ಕೂ ಬೇರೆ ಬೇರೆಯಾಗಿರುವುದು ಎಷ್ಟು? ನಂಬರ್ ಪ್ಲೇಟಿನಲ್ಲಿ 0123 ಎಂದು ಸೊನ್ನೆಯಿಂದ ಶುರುವಾಗಬಹುದು, ಆದ್ದರಿಂದ 10 × 9 × 8 × 7 = 5040. ‘ನಾಲ್ಕು ಅಂಕಿಯ ಸಂಖ್ಯೆಗಳು’ ಎಂದು ಕೇಳಿದ್ದರೆ ಮೊದಲ ಸ್ಥಾನಕ್ಕೆ ಸೊನ್ನೆ ಸಲ್ಲದು, ಆಗ 9 × 9 × 8 × 7 = 4536. ಇನ್ನು, ಒಂದಾದರೂ ಅಂಕಿ ಮರುಕಳಿಸುವ ನಂಬರು ಎಷ್ಟು ಎಂದರೆ ಕೈ ತಾನಾಗಿ 10000ದಿಂದ 5040 ಕಳೆದು 4960 ಎಂದು ಬರೆಯುತ್ತದೆ. ಆದರೆ 0000 ಎಂಬ ನಂಬರು ಕೊಡುವುದಿಲ್ಲ, ಇರುವುದು 9999 ನಂಬರುಗಳು, ಉತ್ತರ 4959.

ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಇರುವ ಬಂಡವಾಳದ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದೀರಿ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಗುರು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕು ಲಘು. ಐದು. ಮೂರು ಮಾತ್ರೆಯದು ಮೂರು, ಎರಡರದು ಎರಡು, ಒಂದರದು ಒಂದು. ಐದು ಮಾತ್ರೆಯದು ಬರೆಯದೆಯೇ ಹೇಳಬಹುದು. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿದಿರುತ್ತದೆ, 5 ಬಗೆ, ಗುರುವಾದರೆ ಮೂರು ಮಾತ್ರೆ, 3 ಬಗೆ, ಒಟ್ಟು 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು: 1, 2, 3, 5, 8, 13, 21. ರಿಕರೆನ್ಸ್ ರಿಲೇಶನ್ ಎಂದು ಪುಸ್ತಕ ಕರೆಯುವುದು ಇದನ್ನೇ. ಈ ಸರಣಿಗೆ ಫಿಬೊನಾಚಿಯ ಹೆಸರು ನಿಂತಿದೆ, ಆತನ ಪುಸ್ತಕ 1202ರದು. ಛಂದಸ್ಸಿನ ಎಣಿಕೆಗಾಗಿ ಇದೇ ನಿಯಮವನ್ನು ಹೇಮಚಂದ್ರ 12ನೇ ಶತಮಾನದಲ್ಲಿ, ಆತನಿಗೂ ಮೊದಲು ವಿರಹಾಂಕ ಹೇಳಿದ್ದರು.

ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 3, 4, 3, 4 ಎಂದು ಹದಿನಾಲ್ಕು ಮಾತ್ರೆ. ಗಣಗಳ ಎಲ್ಲೆ ಲೆಕ್ಕಿಸದೆ ಹದಿನಾಲ್ಕು ಮಾತ್ರೆಯನ್ನು ಲಘು ಗುರುಗಳಿಂದ ತುಂಬಿಸುವ ಬಗೆಗಳು, ಮೇಲಿನ ಸರಣಿಯಲ್ಲಿ ಹದಿನಾಲ್ಕನೆಯದು, 610. ಗುರು ಎರಡು ಗಣಗಳ ನಡುವೆ ಹರಿದುಹೋಗಬಾರದು ಎಂದರೆ ಪ್ರತಿ ಗಣವನ್ನು ಬೇರೆಯಾಗಿ ತುಂಬಬೇಕು: 3 × 5 × 3 × 5 = 225. ಗಣದ ಮೊದಲಲ್ಲಿ ಲಘುವಾದ ಕೂಡಲೇ ಗುರು ಬರಕೂಡದೆಂಬ ನಿಯಮವನ್ನೂ ಸೇರಿಸಿದರೆ ಮೂರರದ್ದರಲ್ಲಿ ಒಂದು, ನಾಲ್ಕರದ್ದರಲ್ಲಿ ಒಂದು ಬಿದ್ದುಹೋಗಿ 2 × 4 × 2 × 4 = 64. ಷರತ್ತು ಒಂದೊಂದಾಗಿ ಬಂದಂತೆ ಎಣಿಕೆ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಅಭ್ಯಾಸ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವುದು ಕಷ್ಟ.

ಅಕ್ಷರಗಣಗಳ ಸೂತ್ರ ‘ಯಮಾತಾರಾಜಭಾನಸಲಗಂ’ ನೆನಪಿದೆಯೇ? ಲಘುವಿಗೆ 0, ಗುರುವಿಗೆ 1 ಹಾಕಿ: 0111010001. ಎಡದಿಂದ ಮೂರು ಮೂರಾಗಿ ಒಂದೊಂದೇ ಸ್ಥಾನ ಸರಿಸುತ್ತ ಓದಿ: 011, 111, 110, 101, 010, 100, 000, 001. ಮೂರು ಬಿಟ್ಟಿನ ಎಂಟೂ ಜೋಡಣೆಗಳು, ಒಂದೂ ಮರುಕಳಿಸದೆ, ಒಂದೂ ಬಿಡದೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇಂಥವುಗಳಿಗೆ ಡಿ ಬ್ರೈನ್ ಸರಣಿ ಎನ್ನುತ್ತಾರೆ.

ಪಾರಿವಾಳ ಗೂಡಿನ ತತ್ವಕ್ಕೆ ಹೆಚ್ಚು ಹೇಳುವುದಿಲ್ಲ: ಗೂಡಿಗಿಂತ ಪಾರಿವಾಳ ಹೆಚ್ಚಿದ್ದರೆ ಯಾವುದೋ ಒಂದು ಗೂಡಿನಲ್ಲಿ ಎರಡಾದರೂ ಇರುತ್ತವೆ. 13 ಜನರಿದ್ದರೆ ಇಬ್ಬರು ಒಂದೇ ತಿಂಗಳಲ್ಲಿ ಹುಟ್ಟಿರಲೇಬೇಕು. ಪ್ರಶ್ನೆಯಲ್ಲಿ ಗೂಡು ಯಾವುದು, ಪಾರಿವಾಳ ಯಾವುದು ಎಂದು ಮೊದಲ ಸಾಲಿನಲ್ಲೇ ಬರೆದುಬಿಡಿ, ಉಳಿದದ್ದು ತಾನಾಗಿ ಬರುತ್ತದೆ.

ಕೊನೆಗೆ ಗ್ರಾಫ್. ಎಂಟು ಊರು ತೆಗೆದುಕೊಳ್ಳಿ: ಹಾಸನ, ಬೇಲೂರು, ಹಳೇಬೀಡು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಕಡೂರು, ಅರಸೀಕೆರೆ. ನಡುವಿನ ಚಿಕ್ಕ ಊರು, ಅಡ್ಡದಾರಿ ಬಿಟ್ಟು ಈ 12 ರಸ್ತೆಗಳನ್ನು ಗೆರೆಯಾಗಿ ಎಳೆಯಿರಿ: ಹಾಸನದಿಂದ ಬೇಲೂರು, ಹಳೇಬೀಡು, ಸಕಲೇಶಪುರ, ಅರಸೀಕೆರೆಗೆ, ಬೇಲೂರಿನಿಂದ ಹಳೇಬೀಡು, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆಗೆ, ಮೂಡಿಗೆರೆಯಿಂದ ಚಿಕ್ಕಮಗಳೂರು, ಸಕಲೇಶಪುರಕ್ಕೆ, ಕಡೂರಿನಿಂದ ಚಿಕ್ಕಮಗಳೂರು, ಅರಸೀಕೆರೆಗೆ. ಪ್ರತಿ ಊರಿಗೆ ಎಷ್ಟು ಗೆರೆ ಮುಟ್ಟಿವೆ ಎಂದು ಬರೆಯಿರಿ, ಅದೇ ಡಿಗ್ರಿ. ಹಾಸನ 4, ಬೇಲೂರು 5, ಹಳೇಬೀಡು 2, ಸಕಲೇಶಪುರ 3, ಮೂಡಿಗೆರೆ 3, ಚಿಕ್ಕಮಗಳೂರು 3, ಕಡೂರು 2, ಅರಸೀಕೆರೆ 2. ಮೊತ್ತ 24, ರಸ್ತೆಗಳ ಎರಡರಷ್ಟು. ಪ್ರತಿ ಗೆರೆಗೂ ಎರಡು ತುದಿ ಇರುವುದರಿಂದ ಹೀಗಾಗಲೇಬೇಕು. ಪರೀಕ್ಷೆಯಲ್ಲಿ ಈ ಮೊತ್ತ ಬೆಸ ಬಂದರೆ ಎಲ್ಲೋ ಗೆರೆಯ ತುದಿಯ ಎಣಿಕೆ ತಪ್ಪಿದ್ದೀರಿ ಎಂದು ಅರ್ಥ.

ಪ್ರತಿ ರಸ್ತೆಯನ್ನೂ ಒಂದೇ ಒಂದು ಸಲ ಹಾದು ಬರಲು ಸಾಧ್ಯವೇ? ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಬಗ್ಗೆ ಕೇಳಿಕೊಂಡದ್ದು ಇದನ್ನೇ. ನಡುವಿನ ಊರನ್ನು ಹಾದುಹೋಗುವಾಗ ಒಂದು ರಸ್ತೆಯಿಂದ ಬಂದು ಇನ್ನೊಂದರಿಂದ ಹೋಗುತ್ತೀರಿ, ರಸ್ತೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಹಾಗಾಗಿ ಬೆಸ ಡಿಗ್ರಿಯ ಊರು ಹೊರಡುವ ಜಾಗವೋ ಮುಗಿಯುವ ಜಾಗವೋ ಆಗಿರಬೇಕು, ಅಂಥವು ಎರಡಕ್ಕಿಂತ ಹೆಚ್ಚಿರುವಂತಿಲ್ಲ. ನಮ್ಮಲ್ಲಿ ನಾಲ್ಕಿವೆ, ಆಗದು. ಮಳೆಗೆ ಮೂಡಿಗೆರೆ–ಸಕಲೇಶಪುರ ರಸ್ತೆ ಮುಚ್ಚಿತು ಎನ್ನಿ: ಆ ಎರಡೂ ಊರು ಸಮವಾದವು, ಬೇಲೂರು ಮತ್ತು ಚಿಕ್ಕಮಗಳೂರು ಮಾತ್ರ ಬೆಸ ಉಳಿದವು. ಈಗ ದಾರಿಯಿದೆ: ಬೇಲೂರು, ಹಳೇಬೀಡು, ಹಾಸನ, ಬೇಲೂರು, ಸಕಲೇಶಪುರ, ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಚಿಕ್ಕಮಗಳೂರು. ಹನ್ನೊಂದು ರಸ್ತೆ, ಹನ್ನೊಂದೂ ಒಂದೊಂದೇ ಸಲ.

ಆ ಕಡೆಯವರಾದ ನಿಮಗೆ ಇಷ್ಟು ಹೊತ್ತಿಗೆ ಏನೋ ಇರುಸುಮುರುಸಾಗಿರಬೇಕು. ಹಾಸನದಿಂದ ಹಳೇಬೀಡಿಗೂ ಬೇಲೂರಿಗೂ ಹಗರೆಯವರೆಗೆ ಇರುವುದು ಒಂದೇ ರಸ್ತೆ. ನಾನು ಎರಡು ಗೆರೆ ಎಳೆಸಿದೆ. ಬಸ್ಸಿನ ವೇಳಾಪಟ್ಟಿಗೆ ಆ ಚಿತ್ರ ಸಾಕು, ಎರಡೂ ಬೇರೆ ಬೇರೆ ರೂಟು. ಆದರೆ ಗುಂಡಿ ಲೆಕ್ಕ ಹಾಕಲು ಪ್ರತಿ ರಸ್ತೆಯ ಮೇಲೆ ಒಂದು ಸಲ ಜೀಪು ಓಡಿಸುವವರಿಗೆ ಸಾಲದು: ಮೇಲಿನ ದಾರಿಯಲ್ಲಿ ಹಳೇಬೀಡಿನಿಂದ ಹಾಸನಕ್ಕೆ ಬರುವಾಗ ಒಮ್ಮೆ, ಹಾಸನದಿಂದ ಬೇಲೂರಿಗೆ ಹೋಗುವಾಗ ಇನ್ನೊಮ್ಮೆ ಹಗರೆ–ಹಾಸನದ ತುಂಡನ್ನು ತುಳಿದಾಗಿದೆ. ಹಗರೆಯನ್ನು ಒಂಬತ್ತನೆಯ ಚುಕ್ಕಿಯಾಗಿ ಸೇರಿಸಿ ಡಿಗ್ರಿ ಮತ್ತೆ ಬರೆಯಿರಿ. ಮುಚ್ಚಿದ ರಸ್ತೆ ಮುಚ್ಚಿಯೇ ಇರಲಿ. ಹಾಸನ 4ರಿಂದ 3ಕ್ಕೆ ಇಳಿಯುತ್ತದೆ, ಹಗರೆ 3, ಬೆಸ ಊರುಗಳು ಮತ್ತೆ ನಾಲ್ಕು. ಈ ಚಿತ್ರದಲ್ಲಿ ಒಂದೂ ತುಂಡು ಮರುಕಳಿಸದ ದಾರಿ ಇಲ್ಲವೇ ಇಲ್ಲ. ಒಂದೇ ತುಂಡನ್ನು ಎರಡು ಸಲ ಓಡಿಸಿದರೆ ಮಾತ್ರ ಆಗುತ್ತದೆ. ಹಾಸನ–ಹಗರೆ ಗೆರೆಯನ್ನು ಜೋಡಿ ಮಾಡಿ ಡಿಗ್ರಿಗಳನ್ನು ಇನ್ನೊಮ್ಮೆ ಎಣಿಸಿ ನೋಡಿ.